1500 ಮೀಟರ್ ಶುರುವಾದಾಗ ಕಾಫಿಗೆ ಎದ್ದು ಹೋಗಬೇಡಿ

ಬೆಂಗಳೂರಿನ ಯಾವುದೇ ಈಜು ಮೀಟ್‌ಗೆ ಹೋಗಿ ನೋಡಿ. 50 ಮೀಟರ್ ಫ್ರೀಸ್ಟೈಲ್ ಇದ್ದಾಗ ಗ್ಯಾಲರಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಅಪ್ಪಂದಿರು ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಅಮ್ಮಂದಿರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿರುತ್ತಾರೆ. ಅರ್ಧ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಆಮೇಲೆ ಮೈಕ್‌ನಲ್ಲಿ ‘ಮುಂದಿನದು 1500 ಮೀಟರ್’ ಅಂತ ಕೇಳಿಸುತ್ತದೆ. ತಗೊಳ್ಳಿ, ಗ್ಯಾಲರಿ ಖಾಲಿ. ಒಬ್ಬರು ಕಾಫಿಗೆ, ಇನ್ನೊಬ್ಬರು ಇಡ್ಲಿಗೆ, ಮತ್ತೊಬ್ಬರು ಗಾಡಿ ತೆಗೆದು ನೆರಳಿಗೆ ಹಾಕುವುದಕ್ಕೆ. ಉಳಿಯುವವರು ನೀರಿನಲ್ಲಿರುವ ಮಕ್ಕಳ ಮನೆಯವರು, ಕೋಚ್‌ಗಳು, ಲೆಂತ್ (ಕೊಳದ ಒಂದು ತುದಿಯಿಂದ ಇನ್ನೊಂದು ತುದಿ) ಎಣಿಸುವವರು. ಅಷ್ಟೇ.

ಹಾಗೆ ಉಳಿಯುವವರಲ್ಲಿ ನಾನೂ ಒಬ್ಬಳು. ನನ್ನ ಮಗಳಿಗೆ ಈಗ 13 ವರ್ಷ. 800 ಮತ್ತು 1500 ಈಜುತ್ತಾಳೆ. ಮೊದಮೊದಲು ನನಗೂ ಇದರಲ್ಲಿ ನೋಡುವುದಕ್ಕೆ ಏನಿದೆ ಅಂತ ತಿಳಿಯುತ್ತಿರಲಿಲ್ಲ. ಕೈ ಬೀಸುತ್ತಾರೆ, ತಿರುಗುತ್ತಾರೆ, ಮತ್ತೆ ಕೈ ಬೀಸುತ್ತಾರೆ. ಕೇಟಿ ಲೆಡೆಕಿಯ ರೇಸ್‌ಗಳನ್ನು ಸ್ಟಾಪ್‌ವಾಚ್ ಹಿಡಿದು ನೋಡಲು ಶುರು ಮಾಡಿದ ಮೇಲೆ ಅದು ಬದಲಾಯಿತು. ದೂರದ ಈಜು ಅಂದರೆ ಏನು, ಆ ಅಮೆರಿಕದ ಹುಡುಗಿ ಯಾಕೆ ಅಷ್ಟು ದೊಡ್ಡ ಹೆಸರು ಅನ್ನುವುದು ಆ ಗಡಿಯಾರದ ಅಂಕಿಗಳಲ್ಲೇ ಇದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಸಣ್ಣ ವಿಷಯ. ಫ್ರೀಸ್ಟೈಲ್ ಅನ್ನುವುದು ಈಜಿನ ಒಂದು ಶೈಲಿಯ ಹೆಸರಲ್ಲ. ಹೇಗೆ ಬೇಕಾದರೂ ಈಜಿ ಅನ್ನುವ ಸ್ವಾತಂತ್ರ್ಯದ ಹೆಸರು. ಎಲ್ಲಕ್ಕಿಂತ ವೇಗವಾದದ್ದು ಮುಂದಕ್ಕೆ ಕೈ ಬೀಸುವ ಕ್ರಾಲ್, ಹಾಗಾಗಿ ಎಲ್ಲರೂ ಅದನ್ನೇ ಈಜುತ್ತಾರೆ. ಒಲಿಂಪಿಕ್ ಕೊಳದ ಉದ್ದ 50 ಮೀಟರ್. 800 ಅಂದರೆ 16 ಲೆಂತ್, 1500 ಅಂದರೆ 30 ಲೆಂತ್. ಕೊಳದಲ್ಲಿ ನಡೆಯುವ ಒಲಿಂಪಿಕ್ ರೇಸ್‌ಗಳಲ್ಲಿ 1500ಕ್ಕಿಂತ ಉದ್ದದ್ದು ಇಲ್ಲ.

ಈಗ 2012ರ ಆಗಸ್ಟ್ 3ಕ್ಕೆ ಹೋಗೋಣ. ಲಂಡನ್ ಒಲಿಂಪಿಕ್ಸ್. ಅವತ್ತು ಬೆಳಿಗ್ಗೆ ಪುರುಷರ 1500 ಮೀಟರ್ ಹೀಟ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ, ನಮ್ಮ ಬೆಂಗಳೂರಿನ ಹುಡುಗನೊಬ್ಬ ನೀರಿಗೆ ಇಳಿದ. ಹೆಸರು ಗಗನ್ ಉಳ್ಳಾಲಮಠ. ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಲ್ಲಿ ಪಳಗಿದವರು. ಆ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಈಜುಗಾರ ಅವರೊಬ್ಬರೇ. ಫೈನಲ್‌ಗೆ ಬರಲಿಲ್ಲ, ಮುಂದಿದ್ದವರಿಗಿಂತ ಬಹಳ ಹಿಂದೆ ಉಳಿದರು. ಆದರೂ ಆ 30 ಲೆಂತ್‌ಗಳನ್ನು ಒಲಿಂಪಿಕ್ ಕೊಳದಲ್ಲಿ ಈಜಿ ಬಂದರು. ಕೆಲವೇ ಗಂಟೆಗಳ ನಂತರ, ಅದೇ ಕೊಳದಲ್ಲಿ, ಮಹಿಳೆಯರ 800 ಮೀಟರ್ ಫೈನಲ್ ನಡೆಯಿತು. ಅಮೆರಿಕದ ಮೇರಿಲ್ಯಾಂಡ್‌ನ ಬೆಥೆಸ್ಡಾದಲ್ಲಿ ಬೆಳೆದ, ಹೊರಗಿನವರಿಗೆ ಹೆಸರೇ ಗೊತ್ತಿಲ್ಲದ 15 ವರ್ಷದ ಹುಡುಗಿ ಅದನ್ನು 8 ನಿಮಿಷ 14.63 ಸೆಕೆಂಡ್‌ಗಳಲ್ಲಿ ಗೆದ್ದಳು. ಎರಡನೆಯವರು ಗೋಡೆ ಮುಟ್ಟುವಾಗ ನಾಲ್ಕು ಸೆಕೆಂಡ್‌ಗೂ ಜಾಸ್ತಿ ಆಗಿತ್ತು. ಆತಿಥೇಯ ದೇಶದ ನೆಚ್ಚಿನ ತಾರೆ ರೆಬೆಕಾ ಆ್ಯಡ್ಲಿಂಗ್ಟನ್ ಮೂರನೆಯ ಸ್ಥಾನಕ್ಕೆ ಇಳಿದರು. ಆಗಿನ ವಿಶ್ವದಾಖಲೆ ಆ್ಯಡ್ಲಿಂಗ್ಟನ್ ಹೆಸರಲ್ಲೇ ಇತ್ತು, 8 ನಿಮಿಷ 14.10 ಸೆಕೆಂಡ್. ಹುಡುಗಿ ಅದಕ್ಕೂ ಅರ್ಧ ಸೆಕೆಂಡ್ ಹತ್ತಿರ ಬಂದಿದ್ದಳು.

ನಮ್ಮ ಪತ್ರಿಕೆಗಳಲ್ಲಿ ಮರುದಿನ ಈ ಎರಡು ಸುದ್ದಿಗೂ ಸಿಕ್ಕ ಜಾಗ ಕಡಿಮೆ. ನನಗೆ ಮಾತ್ರ ಆ ದಿನವನ್ನು ನೆನೆದರೆ ಈಗಲೂ ಖುಷಿ. ಒಂದೇ ದಿನ, ಒಂದೇ ನೀರು. ಬಸವನಗುಡಿಯ ಹುಡುಗ ಬೆಳಿಗ್ಗೆ ಈಜಿದ ಕೊಳದಲ್ಲೇ ಸಂಜೆ ಆ ಕಥೆ ಶುರುವಾಯಿತು.

ಆ ಹುಡುಗಿಯೇ ಲೆಡೆಕಿ. ಅಲ್ಲಿಂದ ಮುಂದೆ ಆಕೆಯ ಲೆಕ್ಕ ಹೀಗೆ ಬೆಳೆಯಿತು. 2016ರ ರಿಯೊದಲ್ಲಿ 200, 400, 800 ಮೂರನ್ನೂ ಗೆದ್ದಳು. 1968ರಲ್ಲಿ ಡೆಬಿ ಮೇಯರ್ ಮಾಡಿದ ಮೇಲೆ ಇದನ್ನು ಮಾಡಿದವರು ಬೇರೆ ಯಾರೂ ಇರಲಿಲ್ಲ. ಟೋಕಿಯೊದಲ್ಲಿ 800 ಮತ್ತು 1500. ಪ್ಯಾರಿಸ್‌ನಲ್ಲಿ ಮತ್ತೆ 800 ಮತ್ತು 1500. ರಿಲೇಗಳೂ ಸೇರಿ ಒಟ್ಟು 9 ಚಿನ್ನ, 14 ಪದಕ. ಒಲಿಂಪಿಕ್ಸ್‌ನಲ್ಲಿ 9 ಚಿನ್ನ ಗೆದ್ದ ಇನ್ನೊಬ್ಬ ಮಹಿಳೆ ಸೋವಿಯತ್ ಜಿಮ್ನಾಸ್ಟ್ ಲಾರಿಸಾ ಲ್ಯಾಟಿನಿನಾ ಒಬ್ಬರೇ. 800 ಮೀಟರನ್ನಂತೂ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಸಾಲಾಗಿ ಗೆದ್ದಿದ್ದಾಳೆ. ರಿಯೊದ 800ರಲ್ಲಿ ಎರಡನೆಯವರಿಗೂ ಆಕೆಗೂ ಇದ್ದ ಅಂತರ 11.38 ಸೆಕೆಂಡ್. ಆ ವೇಗದಲ್ಲಿ ಅದು ಸುಮಾರು 18 ಮೀಟರ್. ಅಂದರೆ ಒಂದರ ಹಿಂದೆ ಒಂದರಂತೆ ಒಂದೂವರೆ ಬಿಎಂಟಿಸಿ ಬಸ್ ನಿಲ್ಲಿಸುವಷ್ಟು ಜಾಗ!

ಪದಕಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಆಕೆ ಯಾಕೆ ಇಷ್ಟು ಮುಂದೆ ಇರುತ್ತಾಳೆ ಅನ್ನುವುದು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೆ ನೀರಿನ ಸ್ವಭಾವ ಗೊತ್ತಿರಬೇಕು.

ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಅದರೊಳಗೆ ವೇಗ ಹೆಚ್ಚಿಸಿದಷ್ಟೂ ಅದು ಅದಕ್ಕಿಂತ ಹೆಚ್ಚಾಗಿ ಎದುರು ತಳ್ಳುತ್ತದೆ. ವೇಗವನ್ನು ಶೇ 10ರಷ್ಟು ಏರಿಸಿದರೆ ನೀರಿನ ತಡೆ ಸುಮಾರು ಶೇ 21 ಏರುತ್ತದೆ. ಆ ತಡೆಯನ್ನು ಹೆಚ್ಚಿದ ವೇಗದಲ್ಲೇ ಭೇದಿಸಬೇಕಲ್ಲ, ಅದಕ್ಕಾಗಿ ದೇಹ ಪ್ರತಿ ಸೆಕೆಂಡಿಗೆ ಖರ್ಚು ಮಾಡಬೇಕಾದ ಶಕ್ತಿ ಸುಮಾರು ಶೇ 33 ಜಾಸ್ತಿ. ಸ್ವಲ್ಪ ವೇಗಕ್ಕೆ ಬಹಳ ಬೆಲೆ ಕೊಡಬೇಕು. ನಿಧಾನ ಮಾಡಿದರೆ ಉಳಿತಾಯ ಆಗುತ್ತದೆ ನಿಜ, ಆದರೆ ಒಮ್ಮೆ ಜೋರಾಗಿ ಹೋಗಿ ಖರ್ಚು ಮಾಡಿದ್ದು ಆಮೇಲೆ ನಿಧಾನ ಮಾಡಿದಾಗ ಪೂರ್ತಿ ವಾಪಸ್ ಬರುವುದಿಲ್ಲ. ಮೊದಲ 500 ಮೀಟರ್ ಹಾರಿ, ಕೊನೆಯ 500 ತೆವಳುವವರು, ಉದ್ದಕ್ಕೂ ಒಂದೇ ವೇಗದಲ್ಲಿ ಹೋದವರಿಗಿಂತ ಹೆಚ್ಚು ದುಡಿದು, ತಡವಾಗಿ ತಲುಪುತ್ತಾರೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 1500ರಲ್ಲಿ ಒಂದು ಪದ್ಧತಿ ಇದೆ. ಈಜುಗಾರರಿಗೆ ಇನ್ನು ಎರಡು ಲೆಂತ್ ಮತ್ತು 5 ಮೀಟರ್ ಉಳಿದಿರುವಾಗ ಆ ಲೇನ್‌ನವರು ಗಂಟೆ ಬಾರಿಸುತ್ತಾರೆ. ನೀರಿನೊಳಗೆ ಲೆಕ್ಕ ತಪ್ಪಿದ್ದರೂ ಗಂಟೆ ಕೇಳಿದರೆ ‘ಕೊನೆಯ 100’ ಅಂತ ಗೊತ್ತಾಗುತ್ತದೆ. ಕಳೆದ ವರ್ಷ ಒಂದು ಮೀಟ್‌ನಲ್ಲಿ ಮಗಳ ಲೇನ್‌ನಲ್ಲಿ ಎಣಿಸುತ್ತಿದ್ದವರು ಎರಡು ಲೆಂತ್ ಮೊದಲೇ ಗಂಟೆ ಬಾರಿಸಿಬಿಟ್ಟರು. ಅವಳು ಉಳಿದ ಬಲವನ್ನೆಲ್ಲ ಹಾಕಿ 100 ಮೀಟರ್ ಈಜಿ ಗೋಡೆ ಮುಟ್ಟಿ ನಿಂತಳು. ಮೇಲಿನಿಂದ ‘ಇನ್ನೂ ಎರಡು ಇದೆ, ಹೋಗು ಹೋಗು’ ಅಂತ ಕೂಗಿದರು. ಅಲ್ಲಿಯವರೆಗೆ ಪ್ರತಿ ಲೆಂತ್ 38 ಸೆಕೆಂಡ್ ಆಸುಪಾಸಿನಲ್ಲಿತ್ತು. ಜೋರು ಮಾಡಿದ ಎರಡು ಲೆಂತ್ 36, 35. ಆಮೇಲಿನ ಎರಡು? 44 ಮತ್ತು 46. ನಾಲ್ಕೋ ಐದೋ ಸೆಕೆಂಡ್ ಗಳಿಸಲು ಹೋಗಿ ಹದಿನಾಲ್ಕು ಸೆಕೆಂಡ್ ಕಳೆದುಕೊಂಡಿದ್ದಳು. ಅವತ್ತು ಗಾಡಿಯಲ್ಲಿ ಮನೆಗೆ ಬರುವಾಗ ಒಂದು ಮಾತೂ ಆಡಲಿಲ್ಲ. ಪಾಪ ಅನ್ನಿಸಿತು. ಆದರೆ ಆ ನಾಲ್ಕು ಅಂಕಿಗಳನ್ನು ನೋಡಿ ನನಗೆ ಲೆಡೆಕಿ ಮಾಡುವುದು ಎಂಥ ಕೆಲಸ ಅನ್ನುವುದು ತಟ್ಟನೆ ತಿಳಿಯಿತು.

ಯಾಕೆಂದರೆ ಲೆಡೆಕಿಯ ಲೆಕ್ಕ ನೋಡಿ. ಆಕೆಯ 1500 ಮೀಟರ್ ವಿಶ್ವದಾಖಲೆ 15 ನಿಮಿಷ 20.48 ಸೆಕೆಂಡ್. 2018ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮಾಡಿದ್ದು. 30ರಿಂದ ಭಾಗಿಸಿದರೆ ಒಂದು ಲೆಂತ್‌ಗೆ ಸರಾಸರಿ 30.68 ಸೆಕೆಂಡ್. ಗಂಟೆಗೆ ಹೆಚ್ಚುಕಡಿಮೆ 5.9 ಕಿಲೋಮೀಟರ್. ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ ಶೂ ಕಟ್ಟಿಕೊಂಡು ಬಿರುಸಾಗಿ ನಡೆಯುವವರಿದ್ದಾರಲ್ಲ, ಅದೇ ವೇಗ. ನೀವು ಕೆರೆಯ ಏರಿಯ ಮೇಲೆ ಕಾಲು ಗಂಟೆ ಬೆವರು ಸುರಿಸಿ ನಡೆದರೆ, ಪಕ್ಕದ ನೀರಿನಲ್ಲಿ ಆಕೆ ನಿಮ್ಮ ಜೊತೆಜೊತೆಗೇ ಬರುತ್ತಾಳೆ. ಅಲ್ವಾ, ಹಾಗೆ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಮತ್ತು ಅದು ಬರೀ ಸರಾಸರಿಯ ಮಾತಲ್ಲ. ಆರಂಭದ ಡೈವ್‌ನ ವೇಗ ಸಿಗುವ ಮೊದಲ ಲೆಂತ್ ಮತ್ತು ಕೊನೆಯದನ್ನು ಬಿಟ್ಟರೆ, ನಡುವಿನ ಲೆಂತ್‌ಗಳು ಒಂದರ ಪಕ್ಕ ಒಂದು ಇಟ್ಟ ಇಟ್ಟಿಗೆಯ ಹಾಗೆ ಇರುತ್ತವೆ. ಗಡಿಯಾರ ಕಣ್ಣಿಗೆ ಕಾಣದ ಕಡೆ, ಬರೀ ಕೈಗೆ ಸಿಗುವ ನೀರಿನ ಒತ್ತಡದಿಂದ ಆಕೆಗೆ ತನ್ನ ವೇಗ ಗೊತ್ತಾಗುತ್ತದೆ.

ದೂರದ ಈಜಿನ ಹುಡುಗರು ಇದಕ್ಕೆ ‘ಪೇಸ್ ಹಿಡಿಯೋದು’ ಅನ್ನುತ್ತಾರೆ. ಕೋಚ್ ‘ಇವತ್ತು ಹತ್ತು 100, ಒಂದೇ ಟೈಮಿಂಗ್’ ಅಂದರೆ ಹತ್ತೂ ಒಂದೇ ಬರಬೇಕು. ಒಂದರಲ್ಲಿ ಒಂದು ಸೆಕೆಂಡ್ ಬೇಗ ಬಂದರೂ ಬೈಗುಳ. ನೋಡುವವರಿಗೆ ವಿಚಿತ್ರ ಅನ್ನಿಸುತ್ತದೆ. ಬೇಗ ಬಂದರೆ ಒಳ್ಳೆಯದಲ್ವಾ? ಅಲ್ಲ.

ತಂತ್ರದ ಬಗ್ಗೆಯೂ ಒಂದೆರಡು ಮಾತು. ಕಾಲಿನ ಸ್ನಾಯುಗಳು ದೊಡ್ಡವು, ಆಮ್ಲಜನಕವನ್ನು ಜಾಸ್ತಿ ನುಂಗುತ್ತವೆ. ಹಾಗಾಗಿ ದೂರದ ಈಜುಗಾರರು ಕಿಕ್ಕನ್ನು ಉಳಿಸಿಕೊಂಡು ಕೊನೆಗೆ ಬಿಚ್ಚುತ್ತಾರೆ. ಲೆಡೆಕಿಯ ಕೈಬೀಸು ಎರಡೂ ಕಡೆ ಸಮ ಇರುವುದಿಲ್ಲ. ಬಲಕ್ಕೆ ಉಸಿರು ತೆಗೆದುಕೊಂಡು, ಕುದುರೆ ದೌಡಾಯಿಸುವ ಹಾಗೆ ಒಂದು ಕಡೆ ಸ್ವಲ್ಪ ತೂಗಿ ಮುಂದಕ್ಕೆ ಬೀಳುತ್ತಾಳೆ. ಈ ಬಗೆಯ ಈಜು ಗಂಡಸರಲ್ಲಿ ಹೆಚ್ಚಾಗಿ ಕಾಣುತ್ತಿತ್ತು. ಅಭ್ಯಾಸದಲ್ಲೂ ಆಕೆ ಹುಡುಗರ ಜೊತೆಗೇ ಈಜಿಕೊಂಡು ಬಂದವಳು. ಈಗಿನ ಕೋಚ್ ಆ್ಯಂಟನಿ ನೆಸ್ಟಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಸುರಿನಾಮ್ ಅನ್ನುವ ಪುಟ್ಟ ದೇಶಕ್ಕೆ 100 ಮೀಟರ್ ಬಟರ್‌ಫ್ಲೈನಲ್ಲಿ ಚಿನ್ನ ತಂದವರು ಅವರು, ಅದೂ ಒಂದು ಸೆಕೆಂಡಿನ ನೂರನೇ ಒಂದು ಭಾಗದ ಅಂತರದಲ್ಲಿ.

ಆಕೆಯ ಒಂದು ವೀಡಿಯೊವನ್ನು ನೀವೂ ನೋಡಿರಬಹುದು. 2020ರ ಆಗಸ್ಟ್‌ನಲ್ಲಿ ಬಂದದ್ದು. ತಲೆಯ ಮೇಲೆ ಚಾಕೊಲೇಟ್ ಹಾಲಿನ ಗ್ಲಾಸ್ ಇಟ್ಟುಕೊಂಡು ಒಂದು ಲೆಂತ್ ಈಜುತ್ತಾಳೆ, ಒಂದು ಹನಿಯೂ ಚೆಲ್ಲುವುದಿಲ್ಲ. ಹಾಲಿನ ಜಾಹೀರಾತಿಗಾಗಿ ಮಾಡಿದ್ದು. ಕೋಟ್ಯಂತರ ಜನರಿಗೆ ಲೆಡೆಕಿ ಅಂದರೆ ಅದೇ ವೀಡಿಯೊ. ಅದು ಸುಮ್ನೆ ಚಮತ್ಕಾರ ಅಲ್ಲ ಅನ್ನುವುದು ಮಾತ್ರ ಹೇಳಬೇಕು. ತಲೆ ಅಲುಗಿದರೆ ಸೊಂಟ ಅಲುಗುತ್ತದೆ, ಸೊಂಟ ಅಲುಗಿದರೆ ಕಾಲು ಮುಳುಗುತ್ತದೆ, ಕಾಲು ಮುಳುಗಿದರೆ ಎದುರಿನ ನೀರು ಜಾಸ್ತಿ. ಮೇಲೆ ಹೇಳಿದ ತಡೆಯ ಲೆಕ್ಕ ಅಲ್ಲಿಗೇ ಬರುತ್ತದೆ. ನಮ್ಮೂರ ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ಕೈ ಬಿಟ್ಟು ನಡೆಯುವಾಗ ಸೊಂಟದ ಕೆಳಗೆ ಎಷ್ಟೇ ಓಡಾಟ ಇದ್ದರೂ ಕುತ್ತಿಗೆ ಮೇಲೆ ನಿಶ್ಚಲ ಇರುತ್ತದಲ್ಲ, ಅದೇ ವಿದ್ಯೆ.

ಇನ್ನು ಜನಪ್ರಿಯತೆಯ ವಿಷಯ. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಲೆಡೆಕಿಯ ಸಾಮರ್ಥ್ಯದ ಒಂದು ದೊಡ್ಡ ಭಾಗವನ್ನು ಒಲಿಂಪಿಕ್ಸ್ ಬಹಳ ಕಾಲ ಕಾಣಿಸಲೇ ಇಲ್ಲ. ಪುರುಷರ 1500 ಒಲಿಂಪಿಕ್ಸ್‌ನಲ್ಲಿ 1908ರಿಂದಲೂ ಇದೆ. ಹೆಂಗಸರಿಗೆ 1968ರವರೆಗೆ 400 ಮೀಟರೇ ಗರಿಷ್ಠ. ಆ ವರ್ಷ ಮೆಕ್ಸಿಕೊದಲ್ಲಿ 800 ಸೇರಿತು. 1500 ಬರಲು ಟೋಕಿಯೊವರೆಗೆ ಕಾಯಬೇಕಾಯಿತು. ಹೆಂಗಸರಿಗೆ ಅಷ್ಟು ದೂರ ಆಗುವುದಿಲ್ಲ ಅನ್ನುವ ಹಳೆಯ ನಂಬಿಕೆ ನಿಯಮವಾಗಿ ಕೂತಿತ್ತು. 2015ರಲ್ಲಿ ಕಜಾನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಲೆಡೆಕಿ 200, 400, 800, 1500 ನಾಲ್ಕನ್ನೂ ಗೆದ್ದಳು. ಮರುವರ್ಷ ರಿಯೊಗೆ ಹೋದಾಗ ಅವುಗಳಲ್ಲಿ ಆಕೆ ಎಲ್ಲರಿಗಿಂತ ಬಹಳ ಮುಂದಿದ್ದ 1500 ಪಟ್ಟಿಯಲ್ಲೇ ಇಲ್ಲ! ಆಕೆಯ ಒಲಿಂಪಿಕ್ ಚಿನ್ನದ ಲೆಕ್ಕ ನೋಡುವಾಗ ಈ ಖಾಲಿ ಜಾಗವನ್ನೂ ನೆನಪಿಟ್ಟುಕೊಳ್ಳಬೇಕು. ಲಂಡನ್‌ನಲ್ಲಿ ನಮ್ಮ ಗಗನ್ ಈಜಿದ ಆ ದೂರವನ್ನು ಅದೇ ಲಂಡನ್‌ನಲ್ಲಿ ಈಜಲು ಆಕೆಗೆ ಅವಕಾಶವೇ ಇರಲಿಲ್ಲ.

ಕೊನೆಗೆ ಟೋಕಿಯೊದಲ್ಲಿ ಅದು ಬಂದಾಗ ನಡೆದದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ. ಮೊದಲು 400ರಲ್ಲಿ ಆಸ್ಟ್ರೇಲಿಯಾದ ಅರಿಯಾರ್ನ್ ಟಿಟ್ಮಸ್ ಆಕೆಯನ್ನು ಕೊನೆಯ 100ರಲ್ಲಿ ಹಿಂದೆ ಹಾಕಿದರು. 3:56.69 ಮತ್ತು 3:57.36. ಎರಡು ದಿನ ಕಳೆದು 200 ಫೈನಲ್‌ನಲ್ಲಿ ಲೆಡೆಕಿ ಐದನೆಯ ಸ್ಥಾನ. ಇನ್ನೇನು, ಆಯಿತು ಈಕೆಯ ಕಾಲ ಅಂತ ಎಲ್ಲರೂ ಅಂದುಕೊಂಡರು. ಅವತ್ತೇ, ಸುಮಾರು ಒಂದು ಗಂಟೆಯ ನಂತರ, ಮಹಿಳೆಯರ ಮೊಟ್ಟಮೊದಲ ಒಲಿಂಪಿಕ್ 1500 ಫೈನಲ್. ಆಕೆ ಮತ್ತೆ ನೀರಿಗೆ ಇಳಿದಳು, 15 ನಿಮಿಷ 37.34 ಸೆಕೆಂಡ್‌ಗಳಲ್ಲಿ ಗೆದ್ದಳು. ರಿಯೊದ ಚಿನ್ನಗಳಿಗಿಂತ ಈ ಚಿನ್ನಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಬಹಳ ಮುಂದಿದ್ದಾಗ ಎಲ್ಲರೂ ಚೆನ್ನಾಗಿ ಕಾಣುತ್ತಾರೆ.

ವೇಗದ ಈಜಿನ ತಾರೆಯರು ಬೇಗ ಬರುತ್ತಾರೆ, ಬೇಗ ಮರೆಯಾಗುತ್ತಾರೆ. ಅಲ್ಲಿ ಯಾರು ಗೆಲ್ಲುತ್ತಾರೆ ಅನ್ನುವ ಕುತೂಹಲವೇ ಆಟ. ಲೆಡೆಕಿಯ ರೇಸ್‌ನಲ್ಲಿ ಆ ಕುತೂಹಲ ಬಹಳ ಸಲ ಇರುವುದೇ ಇಲ್ಲ. ಆದರೂ ಜನ ಕೂತು ನೋಡುತ್ತಾರೆ. ಟೀವಿಯಲ್ಲಿ ವಿಶ್ವದಾಖಲೆಯ ಗೆರೆಯೊಂದು ನೀರಿನ ಮೇಲೆ ಓಡುತ್ತಿರುತ್ತದೆ. ಆಕೆ ಸ್ಪರ್ಧಿಸುವುದು ಆ ಗೆರೆಯ ಜೊತೆ. ಆ ಗೆರೆಯೂ ಹೆಚ್ಚಾಗಿ ಆಕೆಯದ್ದೇ, ಹಿಂದಿನ ಯಾವುದೋ ವರ್ಷದ ಲೆಡೆಕಿ. 2016ರ ರಿಯೊದಲ್ಲಿ 800 ಮೀಟರಿಗೆ ಮಾಡಿದ 8:04.79ರ ಗೆರೆಯನ್ನು ಒಂಬತ್ತು ವರ್ಷ ಯಾರೂ ದಾಟಲಿಲ್ಲ, ಸ್ವತಃ ಆಕೆಯೂ. 2025ರ ಮೇ ತಿಂಗಳಲ್ಲಿ ಫೋರ್ಟ್ ಲಾಡರ್‌ಡೇಲ್‌ನಲ್ಲಿ 8:04.12. 28ನೇ ವಯಸ್ಸಿನಲ್ಲಿ 19ರ ತನ್ನನ್ನೇ ಸೋಲಿಸಿದಳು. ಅದೇ ವರ್ಷ ಸಿಂಗಪುರದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆಸ್ಟ್ರೇಲಿಯಾದ ಲಾನಿ ಪ್ಯಾಲಿಸ್ಟರ್ ಮತ್ತು ಕೆನಡಾದ ಸಮ್ಮರ್ ಮ್ಯಾಕಿಂಟಾಷ್ ಬೆನ್ನಿಗೆ ಬಿದ್ದರು. ಲೆಡೆಕಿ 8:05.62, ಪ್ಯಾಲಿಸ್ಟರ್ 8:05.98. ರಿಯೊದಲ್ಲಿದ್ದ 11 ಸೆಕೆಂಡ್‌ಗಳ ಅಂತರ ಅರ್ಧ ಸೆಕೆಂಡಿಗೂ ಕೆಳಗೆ ಬಂದಿತ್ತು. ಈ ಹುಡುಗಿಯರೆಲ್ಲ ಲೆಡೆಕಿಯ ಟೈಮಿಂಗ್‌ಗಳನ್ನು ಮುಂದೆ ಇಟ್ಟುಕೊಂಡೇ ದೊಡ್ಡವರಾದವರು.

ಬೆಂಗಳೂರಿಗೆ ವಾಪಸ್ ಬರೋಣ. ಈ ಊರು ಈಜಿಗೆ ಕಡಿಮೆ ಕೊಟ್ಟಿಲ್ಲ. 2000ದಲ್ಲಿ ನಿಶಾ ಮಿಲೆಟ್, 2004ರಲ್ಲಿ ಶಿಖಾ ಟಂಡನ್, 2008ರಲ್ಲಿ ರೆಹಾನ್ ಪೂಂಚಾ, ಆಮೇಲೆ ಗಗನ್, ಟೋಕಿಯೊ ಮತ್ತು ಪ್ಯಾರಿಸ್ ಎರಡಕ್ಕೂ ಶ್ರೀಹರಿ ನಟರಾಜ್, ಪ್ಯಾರಿಸ್‌ಗೆ 14 ವರ್ಷದ ಧಿನಿಧಿ ದೇಸಿಂಗು. ಆದರೆ ಇವರಲ್ಲಿ 1500 ಈಜಿ ಒಲಿಂಪಿಕ್ಸ್ ತಲುಪಿದವರು ಗಗನ್ ಮಾತ್ರ. ಕಾರಣ ದೂರದ ಈಜಿಗೆ ಬೇಕಾದ ಮೊದಲ ವಸ್ತು ನೀರು ಮತ್ತು ಹೊತ್ತು. ಒಂದು ಅಭ್ಯಾಸಕ್ಕೆ 6,000 ಮೀಟರ್ ಅಂದರೆ 120 ಲೆಂತ್. ಎರಡು ಗಂಟೆ ಲೇನ್ ಬೇಕು. ಬೇಸಿಗೆ ಶಿಬಿರದಲ್ಲಿ ನೂರಾರು ಮಕ್ಕಳು ಕೊಳಕ್ಕೆ ಬಂದಾಗ ಆ ಲೇನ್ ಎಲ್ಲಿಂದ ಬರಬೇಕು? 2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ಬಂದು ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದು ಎಂಬ ಆದೇಶ ಬಂದದ್ದು ನೆನಪಿರಬಹುದು. ಊರಿಗೆ ಅದು ಸರಿಯೇ. ಆದರೆ ದೂರದ ಈಜಿನಲ್ಲಿ ಎರಡು ವಾರ ನೀರು ಬಿಟ್ಟರೆ ಹಿಡಿದ ಪೇಸ್ ಕೈಬಿಟ್ಟು ಹೋಗುತ್ತದೆ. ಹತ್ತನೇ ತರಗತಿ, ಪಿಯುಸಿ ಬಂದರೆ ಕತೆ ಬೇರೆ. ಬೆಳಿಗ್ಗೆ ಟ್ಯೂಷನ್ನೋ ಕೊಳವೋ ಅಂತ ಆಯ್ಕೆ ಮಾಡುವಾಗ, ಸ್ಪ್ರಿಂಟ್ ಈಜುವವರು ಹೇಗೋ ತೂಗಿಸುತ್ತಾರೆ. ದಿನಕ್ಕೆ ನಾಲ್ಕು ಗಂಟೆ ಬೇಡುವ ದೂರದ ಈಜು ಮೊದಲು ಕೈಬಿಡುತ್ತದೆ.

ಹಾಗಾಗಿ ನನ್ನದೊಂದು ಕೋರಿಕೆ. ಮುಂದಿನ ಸಲ ಮೈಕ್‌ನಲ್ಲಿ 1500 ಅಂದಾಗ ಕೂತಲ್ಲೇ ಕೂತಿರಿ. ಮೊಬೈಲ್‌ನ ಸ್ಟಾಪ್‌ವಾಚ್ ತೆರೆದು ಒಂದು ಲೇನ್ ಆರಿಸಿಕೊಳ್ಳಿ. ಪ್ರತಿ 100ಕ್ಕೆ ಒಂದು ಸಲ ಲ್ಯಾಪ್ ಬಟನ್ ಒತ್ತಿ. ಮೊದಲ 300ಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಆಗ ಎಲ್ಲರೂ ಹುರುಪಿನಲ್ಲಿರುತ್ತಾರೆ. 900ರಿಂದ 1200ರವರೆಗೆ ಅಂಕಿ ಹೇಗಿದೆ ನೋಡಿ. ಮೈ ನೋಯುತ್ತಿರುತ್ತದೆ, ಗಂಟೆ ಇನ್ನೂ ದೂರ, ಗ್ಯಾಲರಿ ಮೌನ. ಅಲ್ಲಿ ಅಂಕಿ ಕದಲದೆ ನಿಂತ ಮಗು ಎಂಟನೆಯ ಸ್ಥಾನದಲ್ಲಿದ್ದರೂ ಅದರ ಹೆಸರು ಬರೆದಿಟ್ಟುಕೊಳ್ಳಿ. 2028ರಲ್ಲಿ ಲಾಸ್ ಏಂಜಲೀಸ್‌ನಲ್ಲೂ ಇದೇ ರೀತಿ ನೋಡಬಹುದು. ಅಲ್ಲಿಯೂ ಈಜುವ ಆಸೆ ಇದೆ ಅಂತ ಲೆಡೆಕಿ ಹೇಳಿದ್ದಾಳೆ, ಆಗ ಆಕೆಗೆ 31 ವರ್ಷ. ಅಲ್ಲಿ ಸಂಜೆ 6 ಗಂಟೆ ಆದಾಗ ಇಲ್ಲಿ ಮರುದಿನ ಬೆಳಿಗ್ಗೆ 6:30.

ಮೊನ್ನೆ ಭಾನುವಾರ ಮಗಳು ಮತ್ತೆ 1500 ಈಜಿದಳು. ಈ ಸಲ ಗಂಟೆ ಸರಿಯಾದ ಹೊತ್ತಿಗೆ ಬಾರಿಸಿತು. ಆರನೆಯ ಸ್ಥಾನ. ಮನೆಗೆ ಬಂದು ನನ್ನ ಮೊಬೈಲ್ ಕಿತ್ತುಕೊಂಡು, ಒದ್ದೆ ಕೂದಲಲ್ಲೇ ಸೋಫಾದ ಮೇಲೆ ಕೂತು, ಅಂಕಿಗಳನ್ನು ಗಟ್ಟಿಯಾಗಿ ಓದಿದಳು. ಒಂಬತ್ತನೇ 100, 1:15. ಹತ್ತನೆಯದು 1:15. ಹನ್ನೊಂದು, 1:15. ಹನ್ನೆರಡನೆಯದನ್ನು ಓದುವ ಮೊದಲು ಒಮ್ಮೆ ನನ್ನ ಮುಖ ನೋಡಿದಳು.